ತೂಕ ಹಾಕಿ ಕೊಟ್ಟ ಜೋಳದ ಹಿಟ್ಟು

ಶಹಾಪುರದ ಕಾಲೇಜಿನಲ್ಲಿ ಪ್ರತಿ ವರ್ಷ ನಾನು ಬೋರ್ಡಿನ ನಡುವೆ ಒಂದು ಗೆರೆ ಎಳೆಯುತ್ತೇನೆ. ಈ ಕಡೆ ಬಂಡವಾಳಶಾಹಿ, ಆ ಕಡೆ ಕಮ್ಯುನಿಸಂ. ಎರಡರ ಗುಣದೋಷ ಹೇಳಿ ಮುಗಿಸುವಾಗ ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತದೆ: "ಸರ್, ಕಡೀಕ ಯಾವ್ದು ಛಲೋ ಅಂತ ಬರೀಬೇಕ್ರಿ?"

"ಎರಡೂ ಅರ್ಧರ್ಧ ಬರಿಯಪ್ಪ. ಯಾರೂ ಅಂಕ ಕಡಿಯಂಗಿಲ್ಲ" ಎನ್ನುತ್ತೇನೆ.

ನನ್ನ ಬಾಳುವೆಯೂ ಅಷ್ಟೇ. ನಮ್ಮೂರು ಸುರಪುರದಿಂದ ಕಾಲೇಜಿಗೆ ಹೊರಡುವ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕರೆ, ಮುಂದೆ ಬಿಸಿಲು ಯಾವ ಕಡೆಗೆ ಬಡಿಯುತ್ತದೋ ಎಂಬ ಚಿಂತೆಯಲ್ಲೇ ಶಹಾಪುರ ಬಂದುಬಿಡುತ್ತದೆ. ಇಂಥವನು ಒಮ್ಮೆ ಮಾತ್ರ ಗಟ್ಟಿಯಾಗಿ ಒಂದು ಕಡೆ ನಿಂತೆ. ಮಗಳ ನಿಶ್ಚಯಕ್ಕೆ ಯಾದಗಿರಿಯಿಂದ ಬೀಗರು ಬರುವವರಿದ್ದರು. "ರೊಟ್ಟಿ ಸೆಂಟರಿಗೆ ಹೇಳಿಬಿಡೂಣ, ರೊಕ್ಕ ಕೊಟ್ರ ಬಡದು ಕೊಡ್ತಾರ" ಎಂದಳು ಹೆಂಡತಿ. ಬೇಡ ಎಂದೆ. ಓಣಿಗೆ ಹಿಟ್ಟು ಹಂಚೋಣ ಎಂದೆ.

ನಾನು ಚಿಕ್ಕವನಿದ್ದಾಗ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕಾರ್ಯವಾದರೂ ಹಾಗೆಯೇ ನಡೆಯುತ್ತಿತ್ತು. ಆ ಮನೆಯವರು ಜೋಳದ ಹಿಟ್ಟನ್ನು ಮೊರದಲ್ಲಿ ಹೊತ್ತು ಮನೆಮನೆಗೆ ಸುರುವಿ ಬರುತ್ತಿದ್ದರು. ಸಂಜೆಯೊಳಗೆ ಆ ಹಿಟ್ಟು ರೊಟ್ಟಿಯಾಗಿ, ಬಿಳಿ ಬಟ್ಟೆಯಲ್ಲಿ ಕಟ್ಟಿಸಿಕೊಂಡು ತಿರುಗಿ ಬರುತ್ತಿತ್ತು. ಮಧ್ಯಾಹ್ನ ಓಣಿಯ ತುಂಬ ರೊಟ್ಟಿ ಬಡಿಯುವ ಸಪ್ಪಳ. ಅದರಲ್ಲಿ ಅವ್ವನ ಸಪ್ಪಳ ನನಗೆ ಗೊತ್ತಾಗುತ್ತಿತ್ತು. ಟಪಟಪ ಎಂದು ಬಡಿಯುತ್ತ ನಡುವೆ ಒಂದು ಗಳಿಗೆ ನಿಲ್ಲುತ್ತಿದ್ದಳು, ಜಾರಿದ ಬಳೆ ಮೇಲಕ್ಕೆ ಸರಿಸಲು. ಮತ್ತೆ ಟಪಟಪ. ಅವ್ವ ಹೋದ ಮೇಲೆ ಆ ನಿಲುಗಡೆಗಾಗಿಯೇ ಎಷ್ಟೋ ಸಲ ಕಿವಿಗೊಟ್ಟಿದ್ದೇನೆ. ಮಗಳ ನಿಶ್ಚಯದ ನೆಪದಲ್ಲಿ ನನಗೆ ಬೇಕಾಗಿದ್ದದ್ದು ಓಣಿಯ ಆ ಒಂದು ಮಧ್ಯಾಹ್ನ.

"ನಿಮಗೇನ್ ಹುಚ್ ಹಿಡದದೇನ್ರಿ?" ಎಂದಳು ಹೆಂಡತಿ. "ಈಗ ಯಾರ ಮನ್ಯಾಗ ರೊಟ್ಟಿ ಹಂಚು ಅದ? ಗ್ಯಾಸಿನ ಮ್ಯಾಲ ಎರಡು ಚಪಾತಿ ಮಾಡಾಕ ಬ್ಯಾಸರ ಮಾಡ್ಕೋತಾರ. ರೊಟ್ಟಿ ಸಾಲಲಿಲ್ಲಂದ್ರ ಬೀಗರ ಮುಂದ ಯಾರ ಮಾರಿ ಹೋಗೋದು?"

"ನಂದೇ ಹೋಗಲಿ" ಎಂದೆ. ಹೇಳಿದ ಮೇಲೆ ಹೆದರಿಕೆಯಾಯಿತು.

ಗಿರಣಿಯಿಂದ ಹಿಟ್ಟು ತಂದೆ. ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಆದರೆ ಹೇಗೆ? ಹಬ್ಬಕ್ಕೆ ಮಗಳು ತಂದಿದ್ದ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಸರಿಸಮ ಪ್ಯಾಕೆಟ್ ಮಾಡಿ, ಬಾಯಿ ಕಟ್ಟಿದೆ. ಕರಿಹಲಗೆಯ ಸಮಾನತೆ ಕೊನೆಗೂ ನನ್ನ ಕೈಯಲ್ಲಿ ನಡೆಯಿತು ಎಂದು ಒಳಗೇ ಹಿಗ್ಗಿದೆ. ಮನೆಮನೆಗೆ ಹೋದೆ. ಎಲ್ಲರೂ ನಗುನಗುತ್ತ ಇಸಿದುಕೊಂಡರು. ಓಣಿಯ ಕೊನೆಯ ಮನೆಯ ದೊಡ್ಡವ್ವ ಮಾತ್ರ ಪ್ಯಾಕೆಟ್ ಹಿಡಿದು ಹೊರಳಿಸಿ ನೋಡಿದಳು. ಅವ್ವನ ಓರಗೆಯವಳು, ಈಗ ಕಣ್ಣು ಮಂದ.

"ತೂಕ ಮಾಡಿ ತಂದೀಯೇನೋ ತಮ್ಮಾ?"

"ಹೌದು ದೊಡ್ಡವ್ವ. ಎಲ್ಲಾರಿಗೂ ಅಷ್ಟಷ್ಟೇ."

"ಹಂಗಾದ್ರ ರೊಟ್ಟಿನೂ ತೂಗಿ ಒಯ್ಯಾಂವ ಅನ್ನು! ನಿಮ್ಮವ್ವ ಮೊರ ಬಗ್ಗಿಸಿ ಸುರುವತಿದ್ಲು, ನಾವು ಸಾಕಂದ್ರೂ ಬಿಡ್ತಿದ್ದಿಲ್ಲ. ನಮ್ಮ ಮ್ಯಾಲ ಇಸ್ವಾಸ ಇಲ್ಲೇನು ನಿನಗ?"

ಸಮಪಾಲು ಎಂದುಕೊಂಡು ನಾನು ಕಿರಾಣಿ ಅಂಗಡಿಯನ್ನೇ ಅವರ ಹೊಸ್ತಿಲಿಗೆ ಹೊತ್ತು ತಂದಿದ್ದೆ. ಮನೆಗೆ ಬಂದೆ. ಮಧ್ಯಾಹ್ನವಿಡೀ ಕಟ್ಟೆಯ ಮೇಲೆ ಕೂತೆ. ಓಣಿಯಲ್ಲಿ ಯಾವ ಸಪ್ಪಳವೂ ಇಲ್ಲ. ಯಾರದೋ ಟಿವಿಯಲ್ಲಿ ಧಾರಾವಾಹಿಯ ಅತ್ತೆಯೊಬ್ಬಳು ಅಳುತ್ತಿದ್ದಳು. ನಾಳೆ ಬೀಗರ ಎಲೆಯಲ್ಲಿ ಪುಂಡಿಪಲ್ಯ ಒಂಟಿಯಾಗಿ ಕೂತಿರುವುದು ಕಣ್ಣಿಗೆ ಕಟ್ಟಿತು.

ಸಂಜೆ ಒಂದೊಂದೇ ಬುಟ್ಟಿ ಬಂತು. ದೊಡ್ಡವ್ವನದೊಂದು ಬಿಟ್ಟು ಎಲ್ಲ ಮನೆಯಿಂದಲೂ! ಕಣ್ಣು ತೇವವಾಯಿತು. ಹೆಂಡತಿ ಮೇಲಿನ ಬಟ್ಟೆ ಸರಿಸಿ ಒಂದು ಬುಟ್ಟಿ ನೋಡಿದಳು, ಇನ್ನೊಂದು ನೋಡಿದಳು, ಕೊನೆಗೆ ನನ್ನ ಮುಖ ನೋಡಿದಳು.

"ಇವೆಲ್ಲಾ ಒಂದೇ ಕೈಯ ರೊಟ್ಟಿ ಅದಾವ್ರಿ."

ನಿಜ. ಅಚ್ಚು ಒತ್ತಿದಂತೆ ಗುಂಡಗೆ, ಹಾಳೆಯಂತೆ ತೆಳ್ಳಗೆ, ಒಂದರ ಮೇಲೊಂದು ಇಟ್ಟರೆ ಅಂಚು ಕೂಡಿಬಿಡುತ್ತಿತ್ತು. ಹೆಂಡತಿ ಸೆಂಟರಿನವಳಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

"ಹೌದ್ರಿ ಅಕ್ಕಾರ" ಎಂದು ಆಕೆ ನಕ್ಕಳು. "ನಿಮ್ಮ ಓಣಿಯವರು ಒಬ್ಬರಿಗೊಬ್ಬರು ಹೇಳದ ಬಂದು ಕೊಟ್ಟು ಹೋದ್ರು. ಹೆಂಗೂ ಎಲ್ಲಾ ನಿಮ್ಮ ಮನಿಗೇ ಹೋಗೂದು ಅಂತ ಪ್ಯಾಕೀಟೆಲ್ಲಾ ಒಡದು ಒಂದ ಕಡಿ ಸುರುವಿ ನಾದೀವ್ರಿ. ಯಾಕ್ರಿ, ಛಲೋ ಆಗಿಲ್ಲೇನು?"

"ಭಾಳ ಛಲೋ ಆಗ್ಯಾವ" ಎಂದು ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮಗಳು ಮುಚ್ಚಿಕೊಳ್ಳಲಿಲ್ಲ.

ಎಲ್ಲಕ್ಕೂ ಕೊನೆಗೆ ದೊಡ್ಡವ್ವನ ಗಂಟು ಬಂತು. ಆಕೆಯೇ ಬಡಿದ ರೊಟ್ಟಿ: ದಪ್ಪ, ಒಂದು ಕಡೆ ಕರಕಲು, ಅಂಚು ಸೀಳಿದ್ದವು. ಅವನ್ನು ನಾನು ಬೇರೆ ತೆಗೆದಿಟ್ಟೆ. ಮರುದಿನ ಬೀಗರಿಗೆ ಸೆಂಟರಿನ ರೊಟ್ಟಿ ಸಾಕಾಗಿ ಮಿಕ್ಕಿತು. ಹೊಗಳಿ ಹೊಗಳಿ ತಿಂದರು. ನಾನು ಒಳಗೆ ನಿಂತು ಕರಕಲು ತಿಂದೆ.

ನಿಶ್ಚಯ ಮುಗಿದ ಮೇಲೆ, ಸೆಂಟರಿನವೇ ಆಗಿದ್ದ ಬುಟ್ಟಿಗಳನ್ನು ತಿರುಗಿ ಕೊಡಲು ಅಲ್ಲಿಗೆ ಹೋದೆ. ತಗಡಿನ ಶೆಡ್ಡಿನ ಹೊರಗೇ ಕಾಲು ನಿಂತವು. ಒಳಗೆ ಸಾಲಾಗಿ ಕೂತು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಅದೇ ಸಪ್ಪಳ. ನಗು, ಒಬ್ಬರ ಕಾಲು ಒಬ್ಬರು ಎಳೆಯುವ ಮಾತು. ಅವರಲ್ಲಿ ಇಬ್ಬರ ಮುಖ ಗುರುತಿತ್ತು. ನಮ್ಮ ಮೊರ ಎಂದೂ ಕಾಲಿಡದ ಓಣಿಯವರು. ಎಲ್ಲರದೂ ಎನ್ನುತ್ತಿದ್ದ ಆ ಹಿಟ್ಟು ಊರಿನ ಯಾವ ತಿರುವಿನಲ್ಲಿ ನಿಂತುಬಿಡುತ್ತಿತ್ತು ಎಂಬುದು ನನಗೆ ಗೊತ್ತು. ಬೋರ್ಡಿನ ಮೇಲೆ ಅದನ್ನು ಬರೆದವನಲ್ಲ. ಮೈಸುಡುವ ಜ್ವರದಲ್ಲೂ ಅವ್ವ ಮಂದಿಯ ಮದುವೆಗೆ ಬಡಿದದ್ದೂ, ಕಾರ್ಯ ಬಂದಾಗಲೆಲ್ಲ ಪಕ್ಕದ ಮನೆಯವಳಿಗೆ ತಪ್ಪದೆ ತಲೆನೋವು ಬರುತ್ತಿದ್ದದ್ದೂ ಗೊತ್ತು. ಇಲ್ಲಿ ದುಡಿದವಳಿಗೆ ಕೂಲಿ ಇದೆ, ಯಾರ ಕೈಯ ರೊಟ್ಟಿ ಎಂದು ಯಾರೂ ಕೇಳುವುದಿಲ್ಲ. ಆದರೆ ಯಾರ ಮನೆಯ ಮಗಳ ನಿಶ್ಚಯ ಎಂದೂ ಕೇಳುವುದಿಲ್ಲ. ಅವ್ವನಿಗೆ ಅದು ಗೊತ್ತಿರುತ್ತಿತ್ತು. ಬಡಿಯುತ್ತ ಆ ಹುಡುಗಿಗೆ ಒಳ್ಳೆಯದಾಗಲಿ ಅನ್ನುತ್ತಿದ್ದಳು.

"ಮತ್ತೇನ್ ಬೇಕಾಗಿತ್ರಿ ಸರ್?" ಎಂದಳು ಸೆಂಟರಿನವಳು.

ಏನು ಬೇಕೆಂದು ಹೇಳಲಿ? "ಏನಿಲ್ಲ. ಒಂದೀಟು ಕೂಡ್ಲೇನು?"

"ಕೂಡ್ರಿ, ಬಿಸಲಾಗ್ ಬಂದೀರಿ."

ಬಾಗಿಲ ಪಕ್ಕದ ಚೀಲದ ಮೇಲೆ ಕೂತೆ. ಟಪಟಪ, ಟಪಟಪ. ಮೂಲೆಯಿಂದ ಒಂದು ಸಪ್ಪಳ ನಡುವೆ ಥಟ್ಟನೆ ನಿಂತು ಮತ್ತೆ ಶುರುವಾಯಿತು. ಕತ್ತು ಚಾಚಿ ನೋಡಿದೆ: ಚಿಕ್ಕ ವಯಸ್ಸಿನವಳು, ಹಿಟ್ಟಿನ ಬೆರಳಿನಲ್ಲಿ ಮೊಬೈಲು ಒತ್ತಿ ನೋಡುತ್ತಿದ್ದಳು.

ನಾನು ಕಣ್ಣು ಮುಚ್ಚಿಕೊಂಡು, ಅವಳಿಗೆ ಇನ್ನೊಂದು ಮೆಸೇಜು ಬರಲಿ ಎಂದು ಕಾಯುತ್ತ ಕೂತೆ.