ಜೈಲು ತೋಟದ ನಲವತ್ತೆರಡನೇ ಮರ

ಕಂಪಲಾಪುರ ಬಿಟ್ಟು ರಾವಂದೂರಿನ ಕಡೆ ಹೊರಟರೆ ಎಡಕ್ಕೆ ಸಿಗುವ ಹಳೇ ಜೈಲಿನ ಗೋಡೆ ಎಷ್ಟು ದಪ್ಪವೆಂದರೆ, ಒಳಗೆ ಕೂತು ಬೈದ ಬೈಗುಳ ಹೊರಗಿನವನ ಕಿವಿ ಮುಟ್ಟಲು ಒಂದು ಸಂತೆಯಿಂದ ಇನ್ನೊಂದು ಸಂತೆಯವರೆಗೆ ಬೇಕಾಗುತ್ತಿತ್ತು. ಅಷ್ಟರಲ್ಲಿ ಬೈದವನೂ ಬೈಸಿಕೊಂಡವನೂ ರಾಜಿಯಾಗಿ ಒಟ್ಟಿಗೆ ಕಾಫಿ ಕುಡಿಯುತ್ತಿದ್ದರು. ಆ ಜೈಲಿನಿಂದ ಲೋಕಕ್ಕೆ ಆದ ಉಪಕಾರ ಅದೊಂದೇ ಎಂದು ನಾನು ಹೇಳಿದಾಗಲೆಲ್ಲ ಮರಿಯಯ್ಯನಿಗೆ ಸಿಟ್ಟು ಬರುತ್ತಿತ್ತು.

"ಗೋಡೆ ಅಲ್ಲ ಕಣ್ಲಾ, ತೋಟ. ಜನಾನ ರಿಪೇರಿ ಮಾಡಿದ್ದು ತೋಟ" ಎನ್ನುತ್ತಿದ್ದ.

ಮರಿಯಯ್ಯ ಆ ಜೈಲಿನ ಮಾಲಿ. ಇಪ್ಪತ್ತು ವರ್ಷದವನಾಗಿದ್ದಾಗ ಸನಿಕೆ ಹಿಡಿದು ಒಳಗೆ ಹೋದವನು, ಎಪ್ಪತ್ತಾದರೂ ಹೊರಗೆ ಬರಲಿಲ್ಲ. ಅಷ್ಟು ದೀರ್ಘ ಶಿಕ್ಷೆ ಯಾವ ಕೈದಿಗೂ ಆಗಿರಲಿಲ್ಲ. ಅಲ್ಲಿಗೆ ಬರುತ್ತಿದ್ದವರು ದೊಡ್ಡ ಪಾತಕಿಗಳಲ್ಲ. ಕೆರೆ ತೂಬಿನ ಹತ್ತಿರ ಬಡಿದಾಡಿದವರು, ಬಟ್ಟಿ ಸಾರಾಯಿ ಕಾಯಿಸಿದವರು, ಪಕ್ಕದವರ ಹೊಗೆಸೊಪ್ಪನ್ನು ತಮ್ಮದೆಂದು ತಿಳಿದು ರಾತ್ರೋರಾತ್ರಿ ಕುಯ್ದುಕೊಂಡವರು. ಮೂರು ತಿಂಗಳು, ಆರು ತಿಂಗಳು ಇದ್ದು, ಮರಿಯಯ್ಯನ ಕೈಕೆಳಗೆ ಬದನೆ, ಹುರುಳಿಕಾಯಿ ಬೆಳೆದು, ಬಂದಾಗ ಇದ್ದದ್ದಕ್ಕಿಂತ ಎರಡು ಸೇರು ಜಾಸ್ತಿ ತೂಗುತ್ತ ಮನೆಗೆ ಹೋಗುತ್ತಿದ್ದರು.

ಅಲ್ಲೊಂದು ಪದ್ಧತಿಯಿತ್ತು. ಬಿಡುಗಡೆಯ ದಿನ ಕೈದಿ ತನ್ನ ಸ್ವಂತ ಬಟ್ಟೆ ಹಾಕಿಕೊಳ್ಳುವ ಮೊದಲು ಒಂದು ಗಿಡ ನೆಡಬೇಕು. ಮಹಾರಾಜರ ಕಾಲದ ಯಾವ ಅಧಿಕಾರಿ ಅದನ್ನು ಶುರು ಮಾಡಿದನೋ, ಯಾವ ರೂಲಿನಲ್ಲೂ ಬರೆದಿರಲಿಲ್ಲ. ಗಿಡಕ್ಕೆ ನೆಟ್ಟವನದೇ ಹೆಸರು. ನೆಟ್ಟವುಗಳಲ್ಲಿ ಬದುಕಿ ಮರವಾದದ್ದು ನಲವತ್ತೆರಡು. ಆಮೇಲೆ ಪ್ರತಿ ವರ್ಷ ಯುಗಾದಿ ಕಳೆದ ವಾರ ಅವನ ಮನೆಯವರು ಬಂದು ಬುಡಕ್ಕೆ ಒಂದು ಬಿಂದಿಗೆ ನೀರು ಹುಯ್ಯಬೇಕು. ಹಾಗೆ ಮಾಡಿದರೆ ಆ ಮನೆಯ ತಪ್ಪು ಬೇರಿಗಿಳಿದು ಮಣ್ಣಾಗುತ್ತದೆ ಎಂದು ಸುತ್ತಲಿನ ಹಳ್ಳಿಗಳ ನಂಬಿಕೆ. ರಾವಂದೂರಿನ ಚಿಕ್ಕಸಿದ್ದಮ್ಮ ಎಂಬತ್ತು ವರ್ಷದ ಮುದುಕಿ. ಅವಳ ಅಪ್ಪ ನೆಟ್ಟ ಹುಣಸೆಗೆ ಈಗಲೂ ನೀರು ತರುತ್ತಿದ್ದಳು. ಅಪ್ಪ ಮಾಡಿದ ತಪ್ಪು ಏನೆಂದು ಅವಳಿಗೇ ಮರೆತುಹೋಗಿತ್ತು. ನೀರು ಹುಯ್ಯುವುದು ಮರೆತಿರಲಿಲ್ಲ.

ಮರಿಯಯ್ಯ ತನ್ನ ತಂಗಿಗೆ ಗಂಡು ಹುಡುಕಿದ್ದೂ ಅಲ್ಲೇ. ಚಲುವಯ್ಯ ಎಂಬುವನು ನೀರಿನ ಸರದಿಗಾಗಿ ಯಾರದೋ ತಲೆಗೆ ಸನಿಕೆ ಕಾವಿನಿಂದ ಇಕ್ಕಿ ಆರು ತಿಂಗಳಿಗೆ ಬಂದಿದ್ದ. ಲೋಕದಲ್ಲಿ ಎಲ್ಲರೂ ಗಂಡನ್ನು ಅರ್ಧ ಗಂಟೆ ನೋಡಿ ಹೆಣ್ಣು ಕೊಡುತ್ತಾರೆ. ಮರಿಯಯ್ಯ ಆರು ತಿಂಗಳು ಹಗಲೆಲ್ಲ ನೋಡಿದ. ಗಂಡಿಗೆ ತಪ್ಪಿಸಿಕೊಂಡು ಹೋಗುವುದಕ್ಕೂ ದಾರಿಯಿರಲಿಲ್ಲ. ಚಲುವಯ್ಯ ಬಿಡುಗಡೆಯ ದಿನ ಬಾವಿಯ ಪಕ್ಕ ಹಲಸಿನ ಸಸಿ ನೆಟ್ಟ. ಮೂರನೇ ತಿಂಗಳಿಗೆ ಸುನಂದಮ್ಮನಿಗೆ ತಾಳಿ ಕಟ್ಟಿದ. ಅವರ ಮಗ ಮಹೇಂದ್ರ ಆಡಿ ಬೆಳೆದದ್ದು ಆ ಹಲಸಿನ ನೆರಳಿನಲ್ಲಿ. ಆ ಮರದ ಹಣ್ಣು ಬಿದ್ದರೆ ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ನಿಂತ ಬಸ್ಸು ತಾನಾಗಿ ಸ್ಟಾರ್ಟ್ ಆಗುತ್ತಿತ್ತು. ನಾನೇ ಅದರಲ್ಲಿ ಕೂತಿದ್ದೆ. ಏಳು ವರ್ಷದ ಹಿಂದೆ ಚಲುವಯ್ಯ ತೀರಿಕೊಂಡ. ಆಮೇಲೆ ಸುನಂದಮ್ಮ ಯುಗಾದಿಗೆ ಕಾಯದೆ ತಿಂಗಳಿಗೊಂದು ಸಲ ಬರತೊಡಗಿದಳು. ನೀರು ಹುಯ್ದು, ಬುಡದಲ್ಲಿ ಕೂತು, ಮರದ ಹತ್ತಿರ ಮನೆಯ ಸಮಾಚಾರವೆಲ್ಲ ಮಾತಾಡಿ ಹೋಗುತ್ತಿದ್ದಳು.

ಅಷ್ಟರಲ್ಲಿ ಜೈಲು ಮುಚ್ಚಿ ಮೂವತ್ತು ವರ್ಷವಾಗಿತ್ತು. ಕೈದಿಗಳನ್ನು ಸಾಗಿಸಿದರು, ಬಾಗಿಲುಗಳನ್ನು ಸಾಗಿಸಿದರು, ಮರಿಯಯ್ಯನನ್ನು ಮಾತ್ರ ಯಾರಿಗೂ ಸಾಗಿಸಲು ನೆನಪಾಗಲಿಲ್ಲ. ಅವನು ದಿನಾ ಹೋಗಿ ಗೋಡೆಯ ಬಿರುಕಿನಲ್ಲಿ ಹುಟ್ಟುವ ಅರಳಿ ಸಸಿಗಳನ್ನು ಬೇರುಸಮೇತ ಎಬ್ಬಿಸಿ, ಆ ತೂತಿಗೆ ಸುಣ್ಣ ತುಂಬಿ ಮೆತ್ತುತ್ತಿದ್ದ. ಕಿತ್ತ ಸಸಿಯನ್ನು ಬಿಸಾಡದೆ ಕೆರೆ ಏರಿಯ ಮೇಲೆ ನೆಡುತ್ತಿದ್ದ. "ಗೋಡೆಗೂ ಅನ್ಯಾಯ ಆಗ್ಬಾರ್ದು, ಗಿಡುಕ್ಕೂ ಆಗ್ಬಾರ್ದು" ಎಂದು ಅವನ ನ್ಯಾಯ. ಆ ಕೆರೆ ಏರಿಯ ಮೇಲೆ ಈಗ ಎಷ್ಟು ಅರಳಿ ಮರಗಳಿವೆಯೆಂದರೆ ಪ್ರದಕ್ಷಿಣೆ ಹಾಕಲು ಹೊರಟ ಹೆಂಗಸು ಮುಗಿಸಿ ಬರುವಷ್ಟರಲ್ಲಿ ಅಜ್ಜಿಯಾಗಿರುತ್ತಾಳೆ.

ಹೋದ ವರ್ಷ ಜೈಲಿಗೆ ದಿಢೀರನೆ ಬೆಲೆ ಬಂತು. ಮೈಸೂರಿನಿಂದ ಜನ ಬಂದು ಗೋಡೆ ತಟ್ಟಿ ನೋಡಿ, ಇದು ಪಾರಂಪರಿಕ ಕಟ್ಟಡ, ಇಂಥ ಗಾರೆ ಈಗ ಎಲ್ಲೂ ಸಿಗುವುದಿಲ್ಲ, ಇದನ್ನು ಉಳಿಸಬೇಕು ಎಂದರು. ಮರಿಯಯ್ಯ ಆವತ್ತು ನಮ್ಮನ್ನೆಲ್ಲ ಟೀ ಅಂಗಡಿಗೆ ಕರೆದುಕೊಂಡು ಹೋಗಿ ಬೋಂಡ ಕೊಡಿಸಿದ. ಅವನ ಸಂತೋಷಕ್ಕೆ ಇನ್ನೂ ಒಂದು ಕಾರಣವಿತ್ತು. ಕೆಲಸ ಹಿಡಿದ ಕಂಟ್ರಾಕ್ಟರನ ಸೂಪರ್‌ವೈಸರ್ ಬೇರೆ ಯಾರೂ ಅಲ್ಲ, ತಂಗಿಯ ಮಗ ಮಹೇಂದ್ರ.

ಯುಗಾದಿ ಹತ್ತಿರವಾದಾಗ ಒಂದು ಬೆಳಗ್ಗೆ ಮಹೇಂದ್ರ ಬಣ್ಣದ ಡಬ್ಬಿ ತಂದು ಮಾವನ ಮುಂದಿಟ್ಟ. ನಾನೂ ಅಲ್ಲೇ ಜಗುಲಿಯ ಮೇಲೆ ಕೂತಿದ್ದೆ.

"ಮಾವ, ಮರಗೊಳ್ಗೆಲ್ಲ ಸುಣ್ಣದ ಪಟ್ಟೆ ಬಳ್ದು ನಂಬರ್ ಹಾಕ್ಬೇಕು. ನೀನೇ ಹಾಕ್ಬುಡು."

"ನಂಬರ್ ಯಾಕ್ಲಾ? ಅವುಕ್ಕೆ ಎಸ್ರು ಅವೆ."

"ಎಸ್ರು ಆಫೀಸ್ನೋರ್ಗೆ ಗೊತ್ತಾಗಲ್ಲ. ಕಟ್ಟಡ ಪಟ್ಟೀಲಿ ಅದೆ, ಮರ ಇಲ್ಲ. ಪಟ್ಟಿಗೆ ಸೇರಿದ್ರೆ ತಾನೇ ಕಾಪಾಡೋದು?"

ಮರಿಯಯ್ಯ ತಲೆ ಕೆರೆದುಕೊಂಡ. "ರೋಡ್ ಅಗ್ಲ ಮಾಡ್ದಾಗ ಇಂಗೇ ನಂಬರ್ ಆಕಿ ಸಾಲುಮರ ಎಲ್ಲ ಕಡ್ದಾಕ್ಬುಟ್ರಲ್ಲೋ."

"ಅದು ಕೆಂಪು ನಂಬರ್ ಮಾವ. ಇದು ನೀಲಿ. ನೀಲಿ ಅಂದ್ರೆ ಉಳಿಸ್ಕೊಳ್ಳೋದು."

ಆ ಮಾತನ್ನು ನಾನೂ ನಂಬಿದೆ. ಸುಳ್ಳು ಹೇಳುವುದರಲ್ಲಿ ನನಗೆ ಅರವತ್ತು ವರ್ಷದ ಅನುಭವವಿದೆ, ಆದರೂ ಗೊತ್ತಾಗಲಿಲ್ಲ. ನನ್ನ ಸುಳ್ಳುಗಳಿಗೆ ಯಾವತ್ತೂ ಅಷ್ಟು ಅಚ್ಚುಕಟ್ಟು ಇರಲಿಲ್ಲ.

ಹೊರಡುವಾಗ ಮಹೇಂದ್ರ ತಿರುಗಿ ನಿಂತು ಹೇಳಿದ: "ಅಪ್ಪನ್ ಹಲಸಿಗೆ ಮಾತ್ರ ಬ್ಯಾಡ ಮಾವ. ಉಳಿದ ನಲವತ್ತೊಂದುಕ್ಕೆ ಹಾಕು, ಸಾಕು."

"ಅಯ್ಯೋ, ಮೊದ್ಲು ಅದುಕ್ಕೇ ಆಕ್ಬೇಕು ಕಣ್ಲಾ!"

"ಬ್ಯಾಡ. ಸೂಪರ್‌ವೈಸರ್ ತನ್ ಮನೆ ಮರಾನ ಪಟ್ಟಿಗೆ ಸೇರಿಸ್ಕೊಂಡ ಅಂತ ಜನ ಆಡ್ಕೋತಾರೆ."

ಮರಿಯಯ್ಯ ಹದಿನೈದು ದಿನ ಬಳಿದ. ತಾನೇ ಸುಣ್ಣ ಅರಳಿಸಿ, ಸೋಸಿ, ಹೆಣ್ಣುಮಗಳ ಕೈಗೆ ಬಳೆ ತೊಡಿಸುವಷ್ಟು ನಯವಾಗಿ ಒಂದೊಂದು ಮರಕ್ಕೂ ಪಟ್ಟೆ ಹಾಕಿ ಮೇಲೆ ನೀಲಿ ನಂಬರು ಬರೆದ. ನೀರು ತಂದವರೆಲ್ಲ ಇದೇನೆಂದು ಕೇಳಿದರು. ಚಿಕ್ಕಸಿದ್ದಮ್ಮನಂತೂ ಕೋಲೂರಿಕೊಂಡು ಬಂದು, "ಮರಿಯಯ್ಯ, ನಮ್ಮಪ್ಪನ್ನ ಕಡಿಯಾಕಿಲ್ಲ ತಾನೆ?" ಎಂದಳು.

"ನಾನೇ ನಂಬರ್ ಆಕಿವ್ನಿ ಕಣವ್ವ. ನಾನ್ ಆಕಿದ್ಮೇಲೆ ಕಡೀತಾರಾ?"

ಅಷ್ಟು ಸಾಕಾಯಿತು. ಹೊರಗಿನವನು ಡಬ್ಬಿ ಹಿಡಿದು ಬಂದಿದ್ದರೆ ಏಳು ಹಳ್ಳಿಯ ಜನ ದೊಣ್ಣೆ ಹಿಡಿದು ನಿಲ್ಲುತ್ತಿದ್ದರು. ಮರಿಯಯ್ಯನ ಕೈಬರಹ ನೋಡಿ ನೀರು ಹುಯ್ದು ಮನೆಗೆ ಹೋದರು.

ಕೊನೆಯ ದಿನ ಡಬ್ಬಿಯ ತಳದಲ್ಲಿ ಒಂದಿಷ್ಟು ಬಣ್ಣ ಉಳಿಯಿತು. ಮರಿಯಯ್ಯ ನನ್ನನ್ನು ಹಲಸಿನ ಹತ್ತಿರ ಕರೆದುಕೊಂಡು ಹೋದ. "ಉಡ್ಗ ಜನಕ್ಕೆ ಎದರ್ಕೊಂಡು ಅಪ್ಪನ್ ಮರಾನೇ ಬುಡ್ತಾವ್ನೆ. ನಾಳೆ ಯಾರಾದ್ರೂ ಇದೊಂದುಕ್ಕೆ ನಂಬರಿಲ್ಲ ಅಂತ ಕಡಿದ್ರೆ? ಸುನಂದನ್ ಮುಕ ಎಂಗ್ ನೋಡ್ಲಿ?" ಎಂದವನೇ, ಮಹೇಂದ್ರನ ಕಣ್ಣಿಗೆ ಬೀಳದಂತೆ ಗೋಡೆಯ ಕಡೆಗಿದ್ದ ತೊಗಟೆಯ ಮೇಲೆ ಸಣ್ಣಗೆ ಬರೆದ: ೪೨. ಅಧಿಕಾರಿಗಳಿಗೆ ಓದಲು ಬರದೆ ಹೋದೀತು ಎಂದು ಕೆಳಗೆ ಇಂಗ್ಲಿಷಿನಲ್ಲೂ ಬರೆದ. ಡಬ್ಬಿ ಹಿಡಿದುಕೊಂಡು ನಿಂತಿದ್ದವನು ನಾನು.

ಮುಂದಿನ ಮಂಗಳವಾರ ಬೆಳಗ್ಗೆ ಗರಗಸದ ಯಂತ್ರಗಳು ಬಂದವು. ನಾವು ಓಡಿಹೋಗುವಷ್ಟರಲ್ಲಿ ಹದಿನೆಂಟು ಮರ ಮಲಗಿದ್ದವು. ಹುಣಸೆಯೂ ಮಲಗಿತ್ತು. ಮರಿಯಯ್ಯ ಯಂತ್ರದವನ ಕೈ ಹಿಡಿದು, "ನಿಲ್ಸಪ್ಪೋ, ತಪ್ಪಾಗದೆ, ಇದು ನೀಲಿ ನಂಬರು!" ಎಂದು ಕೂಗಿದ. ಅವನು ಪಟ್ಟಿ ತೋರಿಸಿದ. ಕಟ್ಟಡ ರಸ್ತೆಗೆ ಚೆನ್ನಾಗಿ ಕಾಣಬೇಕು, ಬಂದವರ ಕಾರು ನಿಲ್ಲಲು ಜಾಗ ಬೇಕು; ನಂಬರು ಹಾಕಿದ ಮರಗಳನ್ನೆಲ್ಲ ತೆರವು ಮಾಡುವುದು ಎಂದು ಅದರಲ್ಲಿತ್ತು.

ಮಹೇಂದ್ರ ಬೈಕಿನಲ್ಲಿ ಬಂದ. ಮುಖ ಬಾಡಿಸಿಕೊಂಡು, "ನಂಗೂ ಗೊತ್ತಿರ್ಲಿಲ್ಲ ಮಾವ. ಮೇಲಿನೋರು ಕೊನೇ ಗಳಿಗೇಲಿ ಬದಲಾಯಿಸ್ಬುಟ್ಟವ್ರೆ" ಎಂದ.

ಮರಿಯಯ್ಯ ನಂಬಿದ. ನಂಬಿದ್ದಷ್ಟೇ ಅಲ್ಲ, ಅವನ ಬೆನ್ನು ಸವರಿದ. "ಓಗ್ಲಿ ಬುಡ್ಲಾ, ನೀನೇನ್ ಮಾಡೀಯೆ, ಕೂಲಿಗಿರೋನು" ಎಂದು ಇವನೇ ಅವನಿಗೆ ಸಮಾಧಾನ ಹೇಳಿದ.

ಆಗ ಬಾವಿಯ ಕಡೆಯಿಂದ ಗರಗಸದ ಸದ್ದು ಕೇಳಿತು. ಮಹೇಂದ್ರ ಹಾವು ತುಳಿದವನಂತೆ ನೆಗೆದು ಓಡಿದ. "ಏಯ್, ಅದಲ್ಲ! ನಲವತ್ತೊಂದೇ! ಅದು ಪಟ್ಟೀಲಿಲ್ಲ!"

ಯಂತ್ರದವನು ಗೋಡೆಯ ಕಡೆಗಿದ್ದ ತೊಗಟೆಗೆ ಬೊಟ್ಟು ಮಾಡಿದ. "ನಂಬರ್ ಅದೆಯಲ್ಲ ಸಾರ್. ಎರಡೆರಡು ಭಾಷೇಲಿ ಅದೆ."

ಹಲಸು ಮುಕ್ಕಾಲು ಪಾಲು ಕುಯ್ದಾಗಿತ್ತು. ನೋಡುನೋಡುತ್ತ ಬಾವಿಯ ಕಟ್ಟೆಯ ಮೇಲೆ ಒರಗಿತು. ಈ ಸಲ ಯಾವ ಬಸ್ಸೂ ಸ್ಟಾರ್ಟ್ ಆಗಲಿಲ್ಲ. ಮಹೇಂದ್ರ ಮಾವನ ಕಡೆ ತಿರುಗಿ ಅಳುತ್ತಲೇ ಅರಚಿದ: "ಬ್ಯಾಡ ಅಂತ ಹೇಳಿರ್ಲಿಲ್ವಾ ಮಾವ? ಅದೊಂದುಕ್ಕೆ ಬ್ಯಾಡ ಅಂತ ಆವತ್ತೇ ಹೇಳಿರ್ಲಿಲ್ವಾ?"

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೆ ಗೊತ್ತಾಯಿತು. ಮರಿಯಯ್ಯನಿಗೂ ಗೊತ್ತಾಯಿತು. ಬೆನ್ನು ಸವರಿದ್ದ ಕೈಯನ್ನು ಅವನು ಪಂಚೆಗೆ ನಿಧಾನವಾಗಿ ಒರೆಸಿಕೊಂಡ.

"ಓ, ಆವತ್ತೇ" ಎಂದ. ಅಷ್ಟೇ.

ತಿಂಗಳು ತುಂಬುವ ಮೊದಲೇ ಸುನಂದಮ್ಮ ಬಿಂದಿಗೆ ಹಿಡಿದು ಬಂದಳು. ಬಿಂದಿಗೆ ಇಳಿಸದೆ ಬೊಡ್ಡೆಯ ಸುತ್ತ ಒಂದು ಸುತ್ತು ಬಂದಳು. ಆಮೇಲೆ ಕೇಳಿದಳು: "ಯಾರ್ ಮಾಡಿದ್ದಣ್ಣ ಇದ?"

ಮಹೇಂದ್ರ ಹತ್ತು ಮಾರು ದೂರದಲ್ಲಿ ನಿಂತಿದ್ದ. ಅವನು ಬಾಯಿ ಬಿಡುತ್ತಾನೆಂದು ಮರಿಯಯ್ಯ ಕಾದ. ನಾನೂ ಕಾದೆ. ಅವನು ಮೊಬೈಲು ತೆಗೆದು ನೋಡತೊಡಗಿದ.

"ನಾನೇ ಕಣವ್ವ. ನಾನೇ ನಂಬರ್ ಆಕಿದ್ದು" ಎಂದ ಮರಿಯಯ್ಯ.

ಸುನಂದಮ್ಮ ಬಿಂದಿಗೆಯ ನೀರನ್ನು ಅಲ್ಲೇ ನೆಲಕ್ಕೆ ಸುರಿದು ಹೊರಟುಹೋದಳು. ಅಂದಿನಿಂದ ಅಣ್ಣನ ಜೊತೆ ಮಾತಿಲ್ಲ. ರಾವಂದೂರಿನವರೂ ಅವನನ್ನು ಕಂಡರೆ ದಾರಿ ಬದಲಿಸುತ್ತಾರೆ.

ನಾನು ನಿಜ ಹೇಳಲು ಹೊರಟೆ. ಅರವತ್ತು ವರ್ಷದಲ್ಲಿ ಮೊದಲ ಸಲ. ಕೇಳಿದವರೆಲ್ಲ ನಕ್ಕು, "ಇದೂ ನಿನ್ನ ಬಸ್ಸಿನ ಕತೆ ತಾನೆ?" ಎಂದರು.

ಜೈಲು ಈಗ ನಿಜಕ್ಕೂ ಚೆಂದವಾಗಿದೆ. ಮೈಸೂರಿನವರು ಬಂದು ಫೋಟೋ ಹೊಡೆಸಿಕೊಳ್ಳುತ್ತಾರೆ. ಬಿಸಿಲು ಎಷ್ಟೆಂದರೆ, ಬಂದವರು ಬಾಗಿಲಿಲ್ಲದ ಕೋಣೆಯೊಳಗೆ ತಾವಾಗಿಯೇ ಹೋಗಿ ಕೂರುತ್ತಾರೆ. ಉದ್ಘಾಟನೆಯ ದಿನ ಮರಿಯಯ್ಯನಿಗೆ ಶಾಲು ಹೊದಿಸಿದರು. ಅವನು ಅದನ್ನು ಮಡಿಸಿ ಕುರ್ಚಿಯ ಮೇಲೇ ಬಿಟ್ಟು ಬಂದ.

ಪಿತೃಪಕ್ಷದಲ್ಲಿ ಸುನಂದಮ್ಮ ಗಂಡನಿಗೆ ಎಡೆ ಇಕ್ಕುವ ದಿನ ಅಣ್ಣನನ್ನು ಮೊದಲು ಕರೆದು ಉಣ್ಣಿಸುತ್ತಿದ್ದಳು. ಈ ವರ್ಷ ಕರೆ ಬರಲಿಲ್ಲ. ಮಧ್ಯಾಹ್ನ ಮಹೇಂದ್ರ ಟಿಫನ್ ಕ್ಯಾರಿಯರ್ ಹಿಡಿದು ಬಂದ.

"ನಿಮ್ಮವ್ವ ಕಳುಸಿದ್ಳಾ?" ಎಂದು ಮರಿಯಯ್ಯ ಕೇಳಿದ.

"ಹೂಂ ಮಾವ." ಕ್ಯಾರಿಯರನ್ನು ಇನ್ನೊಂದು ಕೈಗೆ ಬದಲಿಸಿ, "ಇಲ್ಲ. ನಾನೇ ತಂದೆ" ಎಂದ.

"ಅವಳ್ಗೆ ನಿಜ ಏಳೀಯಾ?"

ಮಹೇಂದ್ರ ಕ್ಯಾರಿಯರನ್ನು ಜಗುಲಿಯ ಮೇಲಿಟ್ಟು ಹಿಂದೆ ಸರಿದ.

"ಅಂಗಾರೆ ತಗೊಂಡೋಗು. ನಿನ್ ಕೈಲಿ ಏನ್ ಇಸ್ಕೊಂಡ್ರೂ ಯಾವ್ದೋ ಪಟ್ಟಿಗೆ ಸೇರ್ಕತದೆ."

ಮೊನ್ನೆ ನಾವಿಬ್ಬರೂ ಜೈಲಿನ ಮುಂದೆ ಹಾದು ಬರುತ್ತಿದ್ದೆವು. ಹೊಸ ಗಾರೆ ಮೆತ್ತಿದ ಗೋಡೆಯ ನೆತ್ತಿಯಲ್ಲಿ ಅರಳಿ ಸಸಿಯೊಂದು ಮೂರು ಎಲೆ ಬಿಟ್ಟುಕೊಂಡು ನಿಂತಿತ್ತು. ಇವನು ತಲೆಯೆತ್ತಿ ನೋಡಿ, ಹಾಗೇ ಮುಂದೆ ನಡೆದ.

"ಕಾಣ್ನಿಲ್ವೇನ್ಲಾ ಮರಿಯಯ್ಯ?" ಎಂದೆ.

"ಕಾಣ್ತು. ಅದುಕ್ಕೆ ನಂಬರಿಲ್ಲ, ಬಾ" ಎಂದ.