ಎರವಲು ಕೊಟ್ಟ ಎಡಗೈ

“ನಿನ್ನ ಎಡಗೈ ಒಮ್ಮೆ ಕೊಡು ಮಾರಾಯ್ತಿ. ಆ ಚಿತ್ರದಲ್ಲಿ ಉಂಟಲ್ಲ, ಹಾಗೇ ಜೋಡಿಸ್ಬೇಕು” ಎಂದರು ಸಿಸಿಲಿಯಾ ಆಂಟಿ.

ಉಡುಪಿ ಕಡೆಯ ಅವರು ಈ ಪರದೇಶದ ಕೆಂಟನ್‌ನಲ್ಲಿ ನಮ್ಮ ಪಕ್ಕದ ಮನೆಯವರು. ಸ್ಟ್ರೋಕ್ ಆದಾಗಿನಿಂದ ಅವರ ಎಡಗೈ ಮುಷ್ಟಿಗಟ್ಟಿ ತೊಡೆಯ ಮೇಲೆ ಬಿದ್ದಿರುತ್ತದೆ. ಅವರ ಮಗಳು ಕೆಲಸದಿಂದ ಬರುವವರೆಗೆ ನಾನು ಹೋಗಿ ಜೊತೆಗೆ ಕೂರುತ್ತೇನೆ. ಅವರು ತೋರಿಸಿದ್ದು ಗೋಡೆಯ ಮೇಲಿನ ಜೋಡಿಸಿದ ಎರಡು ಕೈಗಳ ಚಿತ್ರವನ್ನು. ಐನೂರು ವರ್ಷಗಳ ಹಿಂದೆ ಜರ್ಮನಿಯ ಕಲಾವಿದನೊಬ್ಬ ಬರೆದದ್ದರ ಅಚ್ಚು. ಊರಲ್ಲಿ ಅವರ ಅಮ್ಮ ಅದನ್ನೇ ತೋರಿಸಿ ಕೈ ಮುಗಿಯಲು ಕಲಿಸಿದ್ದರಂತೆ. ಒಂದೇ ಕೈಯಲ್ಲಿ ದೇವರನ್ನು ಕೇಳಿದರೆ ಭಿಕ್ಷೆ ಬೇಡಿದಂತಾಗುತ್ತದೆ ಎಂಬುದು ಆಂಟಿಯ ಸಂಕಟ.

ಧಾರವಾಡದ ನನಗೆ ಅವರ ಪ್ರಾರ್ಥನೆ ಬಾರದು. ಆದರೂ ಗಾಲಿಕುರ್ಚಿಯ ಹಿಂದೆ ನಿಂತು, ಬಾಗಿ, ನನ್ನ ಎಡಗೈಯನ್ನು ಅವರ ಬಲಗೈಗೆ ಒತ್ತಿ ಹಿಡಿದೆ. ಥೇಟ್ ಚಿತ್ರದ ಕೈಗಳೇ. ಅವರ ತುಟಿಗಳು ಅಲುಗುತ್ತಿದ್ದವು. ಬೇಗ ಗುಣವಾಗಲಿ ಎಂದು ನಾನೂ ಕಣ್ಣು ಮುಚ್ಚಿದೆ.

“ಏನ್ ಬೇಡ್ಕೊಂಡ್ರಿ ಆಂಟಿ?” ಎಂದು ಕೇಳಿದೆ.

“ನನ್ನನ್ನು ಬೇಗ ಕರ್ಕೊಂಡು ಹೋಗು ಅಂತ. ಒಂದು ಕೈಯಲ್ಲಿ ಕೇಳಿ ಕೇಳಿ ಸಾಕಾಗಿತ್ತು. ಇವತ್ತು ಸರಿಯಾಗಿ ಕೇಳಿದೆ.”

ಚಿತ್ರದ ಆ ಕೈಗಳು ಇಲ್ಲಿ ಎಲ್ಲೆಲ್ಲೂ ಇವೆ, ಅಂಗಡಿಯ ಕಾರ್ಡುಗಳ ಮೇಲೆ, ಸಮಾಧಿಯ ಕಲ್ಲುಗಳ ಮೇಲೆ. ಈಗ ಕಂಡಲ್ಲೆಲ್ಲ ಅವುಗಳಲ್ಲೊಂದು ನನ್ನದೇ ಅನಿಸುತ್ತದೆ. ಸಂಜೆ ಮನೆಯಲ್ಲಿ ದೀಪ ಹಚ್ಚುತ್ತೇನೆ, ಕೈ ಮಾತ್ರ ಮುಗಿಯಲಾಗುತ್ತಿಲ್ಲ. ನಾಳೆ ಆಂಟಿ ಮತ್ತೆ ಎಡಗೈ ಕೇಳುತ್ತಾರೆ.