ನೀಲಾಂಬಿಕಾಳೂ ಸಿಲಿಕಾನ್ ಗೇಟೂ

ನಾಗಪುರದ ಬಳಿ ಕಳಮೇಶ್ವರದ ರೇಡಿಯೊ ಕಾರ್ಖಾನೆಯಲ್ಲಿ ಬೋರ್ಡಿಗೆ ಚಿಪ್ ಕೂರಿಸುತ್ತಿದ್ದ ನೀಲಾಂಬಿಕಾಳದು ನುರಿತ ಕೈ. ೧೯೮೪ರ ಒಣ ಬೇಸಿಗೆಯಲ್ಲಿ ಅದೂ ಸೋತಿತು. ಚಿಪ್ಪಿನೊಳಗೆ ವಿದ್ಯುತ್ ಹರಿವನ್ನು ಬಿಟ್ಟು ತಡೆಯುವ ಭಾಗವೇ ಗೇಟು; ಅಲ್ಯೂಮಿನಿಯಂ ಗೇಟಿನ ಹಳೆಯ ಚಿಪ್‌ಗಳು ಬಾಳಿದ್ದವು. ಸಿಲಿಕಾನ್ ಗೇಟಿನ ಹೊಸವು ಅವಳು ಮುಟ್ಟಿದೊಡನೆ ಸಾಯುತ್ತಿದ್ದವು.

“ನಾಳೆನೂ ಸತ್ರ ಪ್ಯಾಕಿಂಗಿಗೆ ನಡೀರಿ, ಅಕ್ಕಾರ. ರಟ್ಟಿನ ಖೋಕಾ ಸಾಯೂದಿಲ್ಲ,” ಎಂದರು ಮೇಲ್ವಿಚಾರಕ ಉಮಾಪತಿ.

ಮೇಜು ಬಿಟ್ಟುಕೊಡುವವಳಲ್ಲ ಅವಳು. ಮನೆಯಲ್ಲಿ ನೈಲಾನ್ ಸೀರೆ ಬದಲಿಸುವಾಗ ಚಟಚಟನೆ ಕಿಡಿ ಹಾರಿತು. ಹೊಸ ಗೇಟಿನಡಿಯ, ವಿದ್ಯುತ್ ತಡೆಯುವ ಪೊರೆ ಬಹಳ ತೆಳುವೆಂದು ಕೇಳಿದ್ದಳು. ಅದನ್ನು ಸುಡುತ್ತಿದ್ದುದು ಈ ಕಿಡಿಯೇ!

ಮರುದಿನ ನೂಲಿನ ಸೀರೆಯುಟ್ಟು ಬಂದು, ಗಾಳಿ ತೇವವಾದರೆ ಕಿಡಿ ಹುಟ್ಟದೆಂದು ನೆಲಕ್ಕೆ ನೀರು ಚಿಮುಕಿಸಿ, ನೀರಿನ ಕೂಲರನ್ನು ತನ್ನತ್ತ ತಿರುಗಿಸಿಕೊಂಡಳು.

“ಮದುವಿ ಮನಿ ಏನ್ರಿ ಇದು?” ಉಮಾಪತಿ ನಕ್ಕರು.

“ಸಂಜೀತನಕಾ ತಡೀರಿ, ಸಾಹೇಬ್ರ.”

ಸಂಜೆಯವರೆಗೆ ಒಂದು ಚಿಪ್ ಕೂಡ ಸಾಯಲಿಲ್ಲ. ಮರುವಾರ ಉಮಾಪತಿಯವರೇ ತಂಬಿಗೆ ಹಿಡಿದು ಎಲ್ಲ ಮೇಜುಗಳ ಕೆಳಗೆ ನೀರು ಚಿಮುಕಿಸುತ್ತಿದ್ದರು.